ಹತ್ತೊಂಬತ್ತು ಮೆಟ್ಟಿಲು

ಯಾರದು ಈ ಪತ್ರ ಬಿಚ್ಚಿದ್ದು? ಕಣ್ಣಿಗೆ ಬೇರೆ ಕೆಲಸವಿಲ್ಲವೇ? ಇದು ತೀರಿಹೋದ ನನ್ನ ಯಜಮಾನರಿಗೆ. ಮಡಚಿಡಿ.

ರೀ, ಮೊಮ್ಮಗಳು ನನ್ನನ್ನು ಬೆಟ್ಟದ ಮೇಲಿನ ಬುದ್ಧನ ಗುಡಿಗೆ ಕರೆದುಕೊಂಡು ಹೋಗಿದ್ದಳು. ನೀವೊಬ್ಬರೇ ನೋಡಿಬಂದು, "ಮುನ್ನೂರು ಮೆಟ್ಟಿಲು ಕಣೇ, ನಿನ್ನ ಮಂಡಿಗೆ ಆಗಲ್ಲ" ಅಂದಿದ್ದಿರಲ್ಲ, ಅದೇ ಗುಡಿ. ಎಣಿಸಿದೆ. ಹತ್ತೊಂಬತ್ತೇ! ಇಷ್ಟು ವರ್ಷ ನನ್ನ ಕಿವಿ ಮೇಲೆ ಹೂವಿಟ್ಟಿದ್ದಿರಾ? ಜೊತೆಗೆ ಯಾರಿದ್ದರು? ಸಿಟ್ಟಿನಲ್ಲಿ ಬುದ್ಧನನ್ನೂ ನೆಟ್ಟಗೆ ನೋಡಲಿಲ್ಲ. ಅವನೋ ಮಲಗಿಕೊಂಡೇ ನಗುತ್ತಿದ್ದ, ನಿಮ್ಮ ಹಾಗೆ.

"ಅಜ್ಜೀ, ಇದು ಹೊಸ ದಾರಿಯಂತೆ. ಹಳೇದು ಹಿಂದಿದೆ, ಎಣಿಸ್ತೀಯಾ?" ಅಂದಳು ಮೊಮ್ಮಗಳು.

ಬಗ್ಗಿ ನೋಡಿದೆ. ಪಾಚಿ ಕಟ್ಟಿದ ಮೆಟ್ಟಿಲುಗಳು ಕಣ್ಣಿಗೆ ಕಾಣದಷ್ಟು ಕೆಳಗಿಳಿದಿದ್ದವು.

"ಮಂಡಿ ನೋಯ್ತಿದೆ, ನಡಿಯೇ" ಅಂದೆ.

ಅನುಮಾನವೇನೂ ಹೋಗಿಲ್ಲ. ಎಷ್ಟು ಮೆಟ್ಟಿಲೆಂದು ನೀವೇ, ಮುಂದಿನ ತಿಂಗಳು ಹುಟ್ಟುವುದರೊಳಗೆ, ಉತ್ತರ ಬರೆಯಿರಿ.