ಗೋಡೆಗೆ ಅಂಟಿಸಿದ ಗಾಜಿನ ಎಳೆ

ಅತ್ತೆಗೆ,

ಮಿಲ್ಲಿನ ಗೋಡೆಗೆ ಗಾಜಿನ ಎಳೆ ಅಂಟಿಸಿದ ದಿನ ನಿನಗೆ ನೆನಪಿದೆಯೇ? ಸಂಘದ ನೂಲಿನ ಮಿಲ್ಲು. ಅದರ ಹಳೆಯ ಶೆಡ್ಡಿನ ಗೋಡೆ ನೆಲದಿಂದ ಸೂರಿನವರೆಗೆ ಬಿರುಕು ಬಿಟ್ಟಿತ್ತು. ಕೆಲಸ ನಿಲ್ಲಿಸಿ ನಮ್ಮನ್ನೆಲ್ಲ ಹೊರಗೆ ಕೂರಿಸಿದ್ದರು. ಕಾಲೇಜಿನಿಂದ ಬಂದ ಹುಡುಗ ಕೂದಲಿನಂಥ ಎಳೆಯನ್ನು ಬಿರುಕಿನ ಮೇಲೆ ಅಂಟಿಸಿ, ಅದರೊಳಗೆ ಬೆಳಕು ಬಿಟ್ಟ. ಗೋಡೆ ಒಂದಿಷ್ಟು ಜಗ್ಗಿದರೂ ಎಳೆಯೂ ಜಗ್ಗುತ್ತದೆ, ಆಗ ಒಳಗಿನ ಬೆಳಕು ಬದಲಾಗುತ್ತದೆ ಎಂದು ತಮಿಳಿನಲ್ಲಿ ವಿವರಿಸಿದ. ನೀನು ನನ್ನ ಕಿವಿಯ ಹತ್ತಿರ ಬಂದು, ನಮ್ಮ ಮನೆಮಾತು ಕನ್ನಡದಲ್ಲಿ, "ಗಾಜ್ನೂ ನೂತ್ಬುಟ್ರಾ? ಇನ್ನ ನಮ್ಗೇನ್ ಕೆಲ್ಸ?" ಅಂದೆ. ಎಲ್ಲರ ಮುಖ ಬಾಡಿದ್ದ ಹೊತ್ತಿನಲ್ಲಿ ನಾನೊಬ್ಬಳೇ ನಕ್ಕು ಬೈಸಿಕೊಂಡೆ.

ಮಿಲ್ಲು ಬರುವ ಮೊದಲಿನ ಕಾಲವನ್ನು ನೀನು ಕಡಿದ ನೂಲಿನ ತುದಿ ಸೇರಿಸುವುದನ್ನು ಕಲಿಸುತ್ತಲೇ ಹೇಳುತ್ತಿದ್ದೆ. ಏಲಕ್ಕಿ ಬಿಡಿಸಲು ಜೀಪಿನಲ್ಲಿ ಬೋಡಿಮೆಟ್ಟಿನ ಘಟ್ಟ ಹತ್ತಬೇಕಿತ್ತು, ಇಲ್ಲವಾದರೆ ಓಡೈಪಟ್ಟಿಯ ದ್ರಾಕ್ಷಿ ತೋಟಕ್ಕೆ ಕೂಲಿ ಹೋಗಬೇಕಿತ್ತು. ಹತ್ತಿ ಬೆಳೆಯುವವರು ಸೇರಿ ಸಂಘ ಮಾಡಿ ಮಿಲ್ಲು ಕಟ್ಟಿದ ಮೇಲೆ ನಮ್ಮೂರಿನಲ್ಲಿ ಬಸ್ಸು ನಿಲ್ಲತೊಡಗಿತು, ಗೇಟಿನೆದುರು ಟೀ ಅಂಗಡಿಗಳು ಬಂದವು, ಹೆಣ್ಣುಮಕ್ಕಳು ವರ್ಷವಿಡೀ ದುಡಿದರು. ಬಿರುಕು ಬಿಟ್ಟ ಮೇಲೆ ಸಂಘದ ಅಧ್ಯಕ್ಷರು, ಗೋಡೆ ಅಪಾಯ, ಯಂತ್ರಗಳನ್ನು ದಿಂಡಿಗಲ್ಲಿನ ಯಾರಿಗೋ ಮಾರಿಬಿಡೋಣ ಎನ್ನುತ್ತಿದ್ದರು. ಗೋಡೆಗೋಸ್ಕರ ಯಂತ್ರ ಯಾಕೆ ಮಾರಬೇಕು ಎಂದು ನೀನೊಬ್ಬಳೇ ಕೇಳಿದ್ದೆ.

ಕೊನೆಯ ದಿನಗಳಲ್ಲಿ ಕೆಮ್ಮಿನ ನಡುವೆಯೂ ನಿನಗೆ ಅದೇ ಚಿಂತೆ. "ಆ ಎಳೆ ಏನ್ ಹೇಳ್ತದೋ ಅದ್ನ ನಮ್ ಮುಂದೆ ಹೇಳಕ್ ಕೇಳು. ಆಫೀಸ್ ಒಳ್ಗೆ ಬ್ಯಾಡ," ಅಂದೆ. ನಾನು ತಲೆಯಾಡಿಸಿದೆ. ಅಂಗಡಿಯಲ್ಲಿ ಸಾಮಾನು ಕೇಳಲೂ ಹಿಂಜರಿಯುವ ನಾನು ಅಷ್ಟು ಜನರ ಮುಂದೆ ಎದ್ದು ನಿಲ್ಲುತ್ತೇನೆಂದು ನೀನು ನಂಬಿದ್ದೆಯೇ, ಅಥವಾ ಬೇರೆ ಯಾರೂ ಹತ್ತಿರ ಇರಲಿಲ್ಲವೆಂದು...

ನೀನು ಹೋದ ಮೇಲೆ ಸಭೆ ಕರೆದರು. ಪಾಲು ಇರುವ ಬೆಳೆಗಾರರು ಕುರ್ಚಿಯಲ್ಲಿ, ಓಟಿಲ್ಲದ ನಾವು ಮರದ ಕೆಳಗೆ. ಅಧ್ಯಕ್ಷರು ಮಾರಾಟದ ಮಾತು ಎತ್ತಿದರು, ಎಳೆಯ ಮಾತು ಎತ್ತಲಿಲ್ಲ. ನಾನು ಎದ್ದೆ. ತಮಿಳಿನಲ್ಲಿ ಕೇಳಬೇಕೆಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದೆಲ್ಲ ಮರೆತು, ಬಾಯಿಂದ ಮನೆಮಾತೇ ಬಂತು: "ಎಳೆ ಎಳೀತಾ, ಇಲ್ವಾ?"

ತಮಿಳರು ನಕ್ಕರು. ನಮ್ಮವರು ತಲೆ ತಗ್ಗಿಸಿದರು. ಅಧ್ಯಕ್ಷರೂ ನಮ್ಮವರೇ ಅಲ್ಲವೇ ಅತ್ತೆ, ಆದರೆ ಮಿಲ್ಲಿನಲ್ಲಿ ಅವರ ಬಾಯಲ್ಲಿ ನಮ್ಮ ಮಾತನ್ನು ಯಾರು ಕೇಳಿದ್ದರು? ಅವತ್ತು ನನ್ನ ಕಡೆ ತಿರುಗಿ ನಮ್ಮ ಮಾತಿನಲ್ಲೇ ಉತ್ತರ ಕೊಟ್ಟರು. "ಎಳೀನಿಲ್ಲ ತಾಯಿ, ಗೋಡೆ ಗಟ್ಟಿಯಾಗೈತೆ," ಅಂದರು. ಬಿಸಿಲಿಗೆ ಚೂರು ಜಗ್ಗುತ್ತದಂತೆ, ತಂಪಾದರೆ ಮತ್ತೆ ಸೇರಿಕೊಳ್ಳುತ್ತದಂತೆ; ಬಿರುಕು ಬೆಳೆಯುತ್ತಿಲ್ಲವಂತೆ. "ದಿಂಡಿಗಲ್ ಕಡೆ ನೇಕಾರ್ರ ಸಂಘಗ್ಳು ನಮ್ ನೂಲು ಕೊಳ್ಳಾದ್ ನಿಲ್ಸವೆ. ಅದ್ನ ಹೇಳಕ್ ಮುಖ ಇಲ್ದೆ ಗೋಡೆ ಮ್ಯಾಲೆ ಹಾಕ್ದೆ."

ಹಿಂದಿನ ಸಾಲಿನವರೊಬ್ಬರು ಅದನ್ನು ತಮಿಳಿನಲ್ಲಿ ಗಟ್ಟಿಯಾಗಿ ಹೇಳಿದರು. ನಗು ನಿಂತಿತು. ಮಿಲ್ಲು ಮಾರಿದರೆ ನಮ್ಮ ಹತ್ತಿ ಎಲ್ಲಿಗೆ ಹೋಗಬೇಕು ಎಂದು ಬೆಳೆಗಾರರೇ ಅವರ ಮೇಲೆ ತಿರುಗಿಬಿದ್ದರು.

ಮಾರಾಟ ಸದ್ಯಕ್ಕೆ ನಿಂತಿದೆ ಅತ್ತೆ. ಹಳೆಯ ಶೆಡ್ಡಿನ ಅರ್ಧ ಯಂತ್ರಗಳು ಓಡುತ್ತಿವೆ. ನೇಕಾರರ ಸಂಘಗಳ ಜೊತೆ ಮಾತಾಡಲು ಹೋದವರು ಇನ್ನೂ ಒಳ್ಳೆಯ ಸುದ್ದಿ ತಂದಿಲ್ಲ. ಮುಂದಿನ ವರ್ಷ ಏನಾಗುತ್ತದೋ, ಗೋಡೆಯ ಎಳೆ ಅದನ್ನು ಹೇಳುವುದಿಲ್ಲ. ಆದರೆ ಆ ಸಭೆಯಲ್ಲಿ ಇನ್ನೊಂದು ತೀರ್ಮಾನವೂ ಆಯಿತು: ಸಂಘಕ್ಕೆ ಬಂಡವಾಳ ಬೇಕಲ್ಲ, ಕೆಲಸದವರೂ ಪಾಲು ತೆಗೆದುಕೊಳ್ಳಬಹುದು. ನಾನು ತೆಗೆದುಕೊಂಡೆ. ಇನ್ನು ಸಭೆ ಕರೆದರೆ ನನಗೂ ಓಟಿದೆ. ಕೇಳು ಎಂದು ಹೇಳಲು ಪಕ್ಕದಲ್ಲಿ ನೀನು ಇರುವುದಿಲ್ಲ. ಆದರೂ ಕೈ ಎತ್ತುತ್ತೇನೆ.

ನಿನ್ನ ಸೊಸೆ