ಹತ್ತೊಂಬತ್ತನೆಯ ಅಡಿಟಿಪ್ಪಣಿಯ ಬಗ್ಗೆ

ಮಲಪ್ರಭೆಯ ದಂಡೆ,
ಇಸವಿ ೨೩೧೧, ಹದಿಮೂರನೆಯ ತಿಂಗಳು

ಸಂಶೋಧಕಿ ಶೈಲಜಾ ಕಲಕೇರಿಯವರಿಗೆ ನಿಂಬೆವ್ವನ ನಮಸ್ಕಾರ.

ನಿಮ್ಮ ಕ್ಯಾಲೆಂಡರಿನಲ್ಲಿ ಈ ತಿಂಗಳಿಲ್ಲ; ಸುಗ್ಗಿ ಮುಗಿದ ಮೇಲೆ ಕೂತು ಉಣ್ಣಲಿಕ್ಕೆಂದೇ ನಾವು ಸೇರಿಸಿಕೊಂಡದ್ದು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಲೇಖನದಿಂದಲೇ, ಅಡಿಟಿಪ್ಪಣಿಗಳ ಸಮೇತ. ನಾಳೆ ನೀವು ಅದನ್ನು ಪತ್ರಿಕೆಗೆ ಕಳಿಸುವವರಿದ್ದೀರಿ. ಅದಕ್ಕೇ ಈ ಅವಸರ.

ಇಲ್ಲಿ ಜೋಳ ಕಡಿಮೆ. ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ಮಂಜಿಗಡ್ಡೆಯೇ ನಮ್ಮ ಊಟ. ಅದರ ತುರಿಕೆ ತೆಗೆಯದೆ ಬಾಯಿಗಿಡುವಂತಿಲ್ಲ. ಹಾಗಾಗಿ ನಮ್ಮಲ್ಲಿ ಆಕರ ಹೇಳಿ ಬಡಿಸುವ ಪದ್ಧತಿಯಿದೆ: ಲೇಖಕರ ಹೆಸರು, ವರ್ಷ, ಪುಸ್ತಕ, ಪ್ರಕಾಶಕರು, ಪುಟ, ಲೇಖನವಾದರೆ ಪತ್ರಿಕೆಯ ಸಂಪುಟ, ಸಂಚಿಕೆ. ಆಮೇಲೆ ಮನೆಯ ಹಿರಿಯರು ಮೊದಲ ತುತ್ತು ತಿನ್ನುತ್ತಾರೆ. ನಮ್ಮನೆಯಲ್ಲಿ ಹಿರಿಯರೆಂದರೆ ನನ್ನ ಅತ್ತೆ ಗಂಗಮಾಳವ್ವ. ಮಾತಿನ ಮಲ್ಲಿ.

ಈ ಗಡ್ಡೆಯ ಬಗೆಗಿನ ನಿಮ್ಮ ಲೇಖನದ ಹದಿನೇಳನೆಯ ಟಿಪ್ಪಣಿಯಲ್ಲಿ ಒಂದು ಅಡುಗೆ ಪುಸ್ತಕವಿದೆ. ತುರಿಕೆ ತೆಗೆಯುವ ಕ್ರಮಕ್ಕೆ ಕೊಟ್ಟ ಹತ್ತೊಂಬತ್ತನೆಯದರಲ್ಲಿ "ಅದೇ, ಪುಟ ೪೬" ಎಂದಷ್ಟೇ ಇದೆ. ನಡುವೆ, ಹದಿನೆಂಟನೆಯದಾಗಿ, ಇನ್ನೊಂದು ಪುಸ್ತಕವನ್ನು ನೀವು ಆಮೇಲೆ ತುರುಕಿದಿರಿ. 'ಅದೇ' ಎಂದರೆ ಸರಿಯಾಗಿ ಮೇಲಿನದೇ ತಾನೆ? ನಾವು ಆ ಪುಸ್ತಕದ ಪುಟವನ್ನು ತರಿಸಿದೆವು. ಗ್ರಂಥಾಲಯದಿಂದ ನಮಗೆ ಬೇಕಾದ ಹಾಳೆ ಮಾತ್ರ ಬಿಡಿಯಾಗಿ ಬರುತ್ತದೆ. ಇದನ್ನು ಹಾಳೆತರುವಳಿ ಎನ್ನುತ್ತೇವೆ. ಒಂದು ರಾತ್ರಿ ನೆನೆಸಿದರೆ ಸಾಕು ಎಂದಿತ್ತು. ನೆನೆಸಿದೆ, ಬೇಯಿಸಿದೆ, ಆಕರ ಹೇಳಿ ಬಡಿಸಿದೆ. ಅತ್ತೆಯ ನಾಲಿಗೆ ಊದಿ ಉಸಿರು ಸಿಕ್ಕಿಕೊಂಡಿತು. ಅವರು ಕಣ್ಣು ಬಿಟ್ಟ ಮೇಲೆ ನಾನೇ ಗ್ರಂಥಾಲಯಕ್ಕೆ ಹೋಗಿ ಇಡೀ ಪುಸ್ತಕ ಕೈಗೆತ್ತಿಕೊಂಡೆ. ರಕ್ಷಾಪುಟದ ತುಂಬ ಎತ್ತಿನ ಚಿತ್ರ! ಅದು ದನದ ಮೇವಿನ ಪುಸ್ತಕ ರೀ.

ಹುಣಸೆನೀರಿನಲ್ಲಿ ಎರಡು ಸಲ ಕುದಿಸಿ ಬಸಿಯಬೇಕೆಂದು ಅಡುಗೆ ಪುಸ್ತಕದ ನಲವತ್ತಾರನೆಯ ಪುಟದಲ್ಲಿತ್ತು. ಈಗ ಹಾಗೇ ಮಾಡುತ್ತೇವೆ, ಇಡೀ ಓಣಿ ಹೊಟ್ಟೆತುಂಬ ಉಣ್ಣುತ್ತದೆ. ಅತ್ತೆಗೆ ಮಾತು ಮರಳಿದ ದಿನ ಮೊದಲು ಬೈದದ್ದು ನನಗೇ: "ಎತ್ತಿನ ಕೂಳು ನನಗ ತಿನ್ನಿಸಿದ್ಯಲ್ಲ, ಹುಚ್ಚಿ! ಆ ಶೈಲಜಾ ಶಾಣ್ಯಾಕಿ ಅದಾಳ. ಬರದು ಹೇಳು, ತಿದ್ದತಾಳ." ನನಗೂ ಆ ಬಗ್ಗೆ ಅನುಮಾನವಿಲ್ಲ. ನಿಮ್ಮ ಉಳಿದ ಟಿಪ್ಪಣಿಗಳನ್ನು ನಂಬಿಯೇ ನಾವು ಇಷ್ಟು ವರ್ಷ ಬದುಕಿದ್ದೇವೆ.

ಹತ್ತೊಂಬತ್ತನೆಯದನ್ನು ನಾವೇ ಬಿಡಿಸಿಕೊಂಡೆವು. ಇಪ್ಪತ್ತಮೂರನೆಯದು ಮಾತ್ರ ನಮ್ಮ ಕೈಲಾಗುತ್ತಿಲ್ಲ. ಮಂಜಿಬೀಜದ ರೊಟ್ಟಿಗೆ ಅಲ್ಲಿಯೂ "ಅದೇ" ಎಂದಿದ್ದೀರಿ. ಮೇಲಿನ ಟಿಪ್ಪಣಿಯಲ್ಲಿ ಎರಡು ಪುಸ್ತಕಗಳಿವೆ, ಎರಡೂ ಮನುಷ್ಯರ ಅಡುಗೆಯವೇ. ಒಂದು ಬೀಜವನ್ನು ಹುರಿಯಲೇಬೇಕು ಎನ್ನುತ್ತದೆ, ಇನ್ನೊಂದು ಹುರಿದರೆ ವಿಷ ಎನ್ನುತ್ತದೆ. ನೀವು ನೆಚ್ಚಿದ್ದು ಯಾವುದನ್ನು? ದಯವಿಟ್ಟು 'ಅದೇ' ಅಳಿಸಿ ಹೆಸರು ಪೂರ್ತಿ ಬರೆಯಿರಿ. ನೀವು ಅಲ್ಲಿ ತಿದ್ದಿದ್ದು ಇಲ್ಲಿ ನಮ್ಮ ಪ್ರತಿಯಲ್ಲಿ ಮೂಡುತ್ತದೆ.

ಎರಡೂ ಬಗೆಯ ರೊಟ್ಟಿ ಸುಟ್ಟಿಟ್ಟಿದ್ದೇನೆ. ನಿಮ್ಮ ಲೇಖನವನ್ನು ಪಕ್ಕದಲ್ಲೇ ತೆರೆದಿಟ್ಟುಕೊಂಡು ಅತ್ತೆ ಎಲೆಯ ಮುಂದೆ ಕೂತಿದ್ದಾರೆ. ಮೊದಲ ತುತ್ತು ಅವರದೇ. ಬೇಗ ಬರೆಯಿರಿ, ರೊಟ್ಟಿ ಆರುತ್ತಿದೆ.