ಬೂಟಿನ ಸದ್ದಿಗೆ ಕುಂಟುವ ನಾಯಿ

ಬುಲವಾಯೊ, ಮಂಗಳವಾರ

ಅನಾಥ ನಾಯಿಗಳನ್ನು ಸಾಕುವ ಮಾಖುಮಾಲೊ ಅವರಿಗೆ,

ನಿನ್ನೆ ಕನಸಿನಲ್ಲಿ ನನ್ನ ಮಗಳು ಬೂಸಿ ಕುಂಟುತ್ತಿದ್ದಳು. ಬೆಳಿಗ್ಗೆ ಎದ್ದವಳೇ ಈ ಕಾಗದ ಬರೆಯಲು ಕೂತೆ.

ಹೋದ ತಿಂಗಳು ನೀವು ಕೊಟ್ಟ ನಾಯಿಯ ಕಾಲು ಸರಿಯಾಗಿದೆ ಎಂದು ಡಾಕ್ಟರು ಎರಡು ಸಲ ಹೇಳಿದರು. ದಿನವೆಲ್ಲ ಓಡಾಡುತ್ತದೆ. ಬೂಸಿಯನ್ನು ಮದುವೆಯಾಗಲಿರುವ ಮ್ತುಲಿಸಿಯ ಬೂಟಿನ ಸದ್ದು ಕೇಳಿದರೆ ಮಾತ್ರ ಕುಂಟುತ್ತದೆ, ನಿಂತಲ್ಲೇ ಉಚ್ಚೆ ಹೊಯ್ಯುತ್ತದೆ.

ಭಾನುವಾರ ಅವನು ಮೂಳೆ ಚೀಪುತ್ತ, "ಏನೋ ಮಿನಿಸ್ಟರ್, ಇನ್ನೂ ನಾಟಕ ಬಿಟ್ಟಿಲ್ವಾ?" ಎಂದು ನಾಯಿಯನ್ನು ನೋಡಿ ನಕ್ಕ. ನಾವು ಅದನ್ನು ಕರೆಯುವುದು ಥೆಂಬಾ ಎಂದು. ಅವನು ಉಂಡ ತಟ್ಟೆಯನ್ನು ಮೂರು ಸಲ ತೊಳೆದೆ, ಆದರೂ ಮುಟ್ಟಲು ಹೇಸಿಗೆ.

"ಬಾಯಿಗ್ ಬಂದಿದ್ದು ಕರೆದ, ಅಷ್ಟೆ ಅಮ್ಮ" ಎನ್ನುತ್ತಾಳೆ ಬೂಸಿ.

ಶನಿವಾರ ಅವನ ಕಡೆಯವರು ಹೆಣ್ಣಿಗೆ ಕೊಡುವ ತೆರದ ಹಸುಗಳನ್ನು ಹೊಡೆದುಕೊಂಡು ಬರುತ್ತಾರೆ. ನಾಯಿಯ ಹಳೆಯ ಹೆಸರು ನಿಮ್ಮ ದಾಖಲೆ ಪುಸ್ತಕದಲ್ಲಿ ಇಲ್ಲ ಎಂದಿದ್ದಿರಿ. ಶನಿವಾರದೊಳಗೆ ದಯವಿಟ್ಟು ಇನ್ನೊಮ್ಮೆ ನೋಡಿ, ಮಿನಿಸ್ಟರ್ ಎಂದು ಎಲ್ಲಾದರೂ ಬರೆದಿದೆಯೇ ಎಂದು.

ಬೂಸಿಯ ತಾಯಿ,
ಸಿಕಾಂಗೆಲೆ